ಅರ್ಥಕ್ಕೆ ಒಂದು ಕೊಡ ನೀರು

ಮೊನ್ನೆ ಬಚ್ಚಲುಮನೆಯ ಬಲ್ಬು ಹೋಯಿತು. ಹೊಸದು ತರೋಣವೆಂದು ಶಿಕಾರಿಪುರದ ಪೇಟೆಗೆ ಹೋದೆ. ಎಲೆಕ್ಟ್ರಿಕ್ ಅಂಗಡಿಯವರು ಬಲ್ಬನ್ನು ಹಚ್ಚಿ ತೋರಿಸಿ, ಆರಿಸಿ, ಮತ್ತೆ ರಟ್ಟಿನ ಡಬ್ಬಿಗೆ ತುರುಕುತ್ತಾ, "ಅರ್ಥದ ಮೇಸ್ತ್ರಿ ಹೋಗ್ಬಿಟ್ರಲ್ರೀ ಟೀಚರ್ರೆ, ಗೊತ್ತಾತಾ?" ಎಂದರು.

"ಎಲ್ಲಿಗೆ?" ಎಂದು ಕೇಳಿದೆ. ಎಂಥಾ ದಡ್ಡ ಪ್ರಶ್ನೆ! ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳಿಗೆ 'ಹೋದರು' ಎಂಬ ಪದ ತಿಳಿಯಲಿಲ್ಲ. ಅಂಗಡಿಯವರು ಬಿಡಿಸಿ ಹೇಳಿದರು. ಹದಿನೈದು ದಿನದ ಹಿಂದೆಯಂತೆ, ಮಲಗಿದಲ್ಲೇ ಅಂತೆ.

ಮನೆಗೆ ಬಂದು ಬಲ್ಬು ಹಾಕಿ, ಬಾಗಿಲು ಮುಂದೆ ಮಾಡಿಕೊಂಡು, ಬಚ್ಚಲಿನ ಸ್ಟೂಲಿನ ಮೇಲೆ ಸುಮ್ಮನೆ ಕುಳಿತೆ. ಮೇಲೆ ಎಕ್ಸಾಸ್ಟ್ ಫ್ಯಾನು ಸಣ್ಣಗೆ ಗುಂಯ್ ಎನ್ನುತ್ತಿತ್ತು. ಗಾಜಿನ ಬುರುಡೆಯೊಳಗಿನ ದೀಪ ಗೋಡೆಯ ತೇವಕ್ಕೆ ತಾಗಿ ಮಂಕಾಗಿ ಹರಡಿತ್ತು. ಈ ದೀಪ, ಈ ಫ್ಯಾನು, ಕೈಗೆ ಸಿಗದ ಆ ಸ್ವಿಚ್ಚು, ಗೋಡೆಯಾಚೆ ನೆಲದೊಳಗೆ ಇಳಿದ ಆ ಹಸಿರು ವೈರು, ಎಲ್ಲವೂ ಅವರವೇ. ಅವರ ಹೆಸರು ನನಗೆ ಗೊತ್ತು. ಆದರೆ ಇಲ್ಲಿ ಬರೆಯುವುದಿಲ್ಲ. ಆ ಹೆಸರಿಗೆ ಒಂದು ಕಾಲದಲ್ಲಿ ಒಂದು ಕೆಟ್ಟ ಮಾತು ಅಂಟಿಕೊಂಡಿತ್ತು, ಆ ಮಾತು ಹುಟ್ಟಿದ್ದು ನಮ್ಮ ಮನೆಯ ಹಿತ್ತಲಿನಲ್ಲಿ. ಅದನ್ನು ಹುಟ್ಟಿದಲ್ಲೇ ಅಳಿಸಬಹುದಾಗಿದ್ದವಳು ನಾನೊಬ್ಬಳೇ.

ಅವರು ಸೊರಬ ತಾಲೂಕಿನ ಕುಬಟೂರಿನವರು. ಕರೆಂಟಿನ ಕೆಲಸಕ್ಕೆ ಸೊರಬ, ಶಿಕಾರಿಪುರ ಎರಡೂ ಕಡೆ ಹಳೆಯ ಬೈಕಿನ ಮೇಲೆ ಓಡಾಡುತ್ತಿದ್ದರು. ಕೈಯಾಳು ಇಲ್ಲ, ಒಬ್ಬರೇ. ಸಣಕಲು ಆಳು. ಯಾವಾಗಲೂ ನಿದ್ದೆಯಿಂದ ಆಗತಾನೇ ಎದ್ದವರ ಹಾಗೆ ಅರೆಗಣ್ಣು. ಮಾತು ಕೇಳಿಸಿಕೊಂಡು, ಸ್ವಲ್ಪ ಹೊತ್ತು ಎಲ್ಲೋ ಹೋಗಿ ಬಂದು, ಆಮೇಲೆ ಉತ್ತರ ಕೊಡುವ ಮನುಷ್ಯ. ನಮ್ಮವರು ಮೊದಲ ಸಲ ನೋಡಿ, "ಈತ ಕರೆಂಟಿನ ಕೆಲಸ ಮಾಡ್ತಾನಾ? ಕನಸು ಕಾಣ್ತಾನಾ?" ಎಂದಿದ್ದರು. ಎರಡನ್ನೂ ಒಟ್ಟಿಗೇ ಮಾಡುತ್ತಿದ್ದರು ಎಂದು ಈಗ ಅನಿಸುತ್ತದೆ.

ಮಗಳು ಮೊದಲ ಹೆರಿಗೆಗೆ ಬರುವವಳಿದ್ದಳು. ನಮ್ಮದು ಕಾಂಕ್ರೀಟು ಸೂರಿನ ಮೋಲ್ಡ್ ಮನೆಯೇ ಆದರೂ ಬಚ್ಚಲುಮನೆ ಮಾತ್ರ ಹಳೆಯದು. ಹಂಡೆಯ ಹೊಗೆಗೆ ಕಪ್ಪಾದ ಗೋಡೆ, ವೈರಿಗೆ ನೇತುಬಿದ್ದ ಒಂದು ಬಲ್ಬು, ನೀರು ಸಿಡಿಯುವ ಜಾಗದಲ್ಲೇ ಸ್ವಿಚ್ಚು. ಒದ್ದೆ ಕೈಯಲ್ಲಿ ಮುಟ್ಟಿದರೆ ಚುರ್ ಎನ್ನುತ್ತಿತ್ತು. ನಮ್ಮತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಸ್ವಿಚ್ಚು ಹಾಕುತ್ತಿದ್ದರು. ಇಡೀ ಮನೆ ಅದಕ್ಕೆ ಹೊಂದಿಕೊಂಡಿತ್ತು. ಆದರೆ ಬಾಣಂತಿಯ ಎರೆಯುವಿಕೆ ಅಂದರೆ ಸುಮ್ಮನೆ ಅಲ್ಲ, ಹಂಡೆಗಟ್ಟಲೆ ಸುಡು ಸುಡು ನೀರು, ಎದುರಿನ ಮನುಷ್ಯರು ಕಾಣದಷ್ಟು ಹಬೆ. ಹೊಸ ದೀಪ ಬೇಕು, ಹಬೆ ಹೊರಗೆ ಎಳೆಯಲು ಒಂದು ಫ್ಯಾನು ಬೇಕು ಎಂದು ಅವರನ್ನು ಕರೆಸಿದೆವು. ಅದೇ ವಾರ ಅತ್ತೆ ತಾಳಗುಂದದ ತಮ್ಮ ತವರಿಗೆ ಹೋಗಿದ್ದರು.

ಬಂದವರು ಬಚ್ಚಲಿಗೆ ಹೋಗಲಿಲ್ಲ. ಮೊದಲು ನಡುಮನೆಯ ಮೂರು ತೂತಿನ ಪ್ಲಗ್ಗಿಗೆ ತಮ್ಮ ಪರೀಕ್ಷೆಯ ಬಲ್ಬಿನ ಎರಡು ವೈರು ಚುಚ್ಚಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಸಾವಿನ ಸುದ್ದಿ ಹೇಳುವವರ ಹಾಗೆ ಮೆಲ್ಲಗೆ, "ಟೀಚರ್ರೆ, ನಿಮ್ಮನಿಗೆ ಅರ್ಥ ಇಲ್ರಿ" ಎಂದರು.

ನನಗೆ ಸರ್ರನೆ ಸಿಟ್ಟು ಬಂತು. "ಏನಂದ್ರಿ?"

"ಅರ್ಥ ಇಲ್ರಿ. ಹೆಸರಿಗೆ ಮೂರು ತೂತು ಐತಿ. ಮೂರನೇದು ಸುಳ್ಳು."

ಅರ್ಥಿಂಗ್ ಎನ್ನುವುದನ್ನು ನಮ್ಮ ಕಡೆ ಎಲ್ಲರೂ 'ಅರ್ಥ್' ಎನ್ನುತ್ತಾರೆ. ಇವರ ಬಾಯಲ್ಲಿ ಮಾತ್ರ ಅದು ಮೈತುಂಬಾ ಕನ್ನಡವಾಗಿ 'ಅರ್ಥ' ಆಗಿಬಿಟ್ಟಿತ್ತು. ಯಾರ ಮನೆಗೆ ಹೋದರೂ ಮೊದಲ ಮಾತು "ಅರ್ಥ ಐತೇನ್ರೀ?" ಊರವರು ಅವರಿಗೆ ಅರ್ಥದ ಮೇಸ್ತ್ರಿ ಎಂದು ಹೆಸರಿಟ್ಟದ್ದು ಇದಕ್ಕೇ. ಅವರಿಗೆ ಅದು ತಮಾಷೆ ಎಂದು ಗೊತ್ತಿತ್ತೋ ಇಲ್ಲವೋ, ಕೊನೆಯವರೆಗೂ ನನಗೆ ತಿಳಿಯಲಿಲ್ಲ.

ಇಡೀ ಮನೆಯ ಅರ್ಥ ಆಮೇಲೆ ನೋಡೋಣ, ಮೊದಲು ಬಚ್ಚಲು ಎಂದೆ. ಒಳಗೆ ಹೋದವರು ಅರ್ಧ ಗಂಟೆಯಾದರೂ ಸದ್ದಿಲ್ಲ. ಇಣುಕಿ ನೋಡಿದರೆ, ಪ್ಯಾಂಟು ಶರ್ಟು ಹಾಕಿಕೊಂಡೇ, ಮಗುಚಿದ ಬಕೆಟ್ಟಿನ ಮೇಲೆ ಕುಳಿತು ಸ್ನಾನ ಮಾಡುತ್ತಿದ್ದಾರೆ! ನೀರಿಲ್ಲ. ಖಾಲಿ ಚೊಂಬು ಎತ್ತಿ ತಲೆಗೆ ಸುರಿದುಕೊಂಡರು. ಬೆನ್ನು ಉಜ್ಜಿಕೊಂಡರು. ಕಣ್ಣಿಗೆ ಸೋಪು ಹೋದವರ ಹಾಗೆ ಕಣ್ಣು ಮುಚ್ಚಿ ಟವೆಲ್ಲಿಗೆ ತಡಕಾಡಿದರು. ಎದ್ದು ಕಾಲುಜಾರಿ ಗೋಡೆಗೆ ಕೈ ಊರಿದರು. ಕೈ ತಾಗಿದ ಕಡೆಯಲ್ಲೆಲ್ಲ ಸೀಮೆಸುಣ್ಣದಿಂದ ಒಂದು ಗೆರೆ. ಬಾಗಿಲಲ್ಲಿ ಬಾಯಿಬಿಟ್ಟು ನಿಂತ ನನ್ನನ್ನು ನೋಡಿ ನಾಚಿಕೊಳ್ಳಲೂ ಇಲ್ಲ.

"ಒದ್ದೆ ಕೈ ಎಲ್ಲಿ ತನಕ ಹೋಗ್ತೈತಿ ಅಂತ ನೋಡ್ತಿದ್ದೆ ಟೀಚರ್ರೆ. ಬಾಣಂತಿ ಅಂದ್ರಲ್ಲ, ತಲಿ ಸುತ್ತು ಬಂದ್ರೆ ಎಲ್ಲಿ ಹಿಡ್ಕಂತಾಳೆ ಅಂತ."

ನನ್ನ ಮಗಳು ಎಲ್ಲಿ ಎಡವಿಯಾಳು ಎಂದು ಹೆತ್ತ ನಾನೇ ಯೋಚಿಸಿರಲಿಲ್ಲ. ಸೀಮೆಸುಣ್ಣದ ಗೆರೆಗಳ ಒಳಗೆ ಒಂದು ಕರೆಂಟಿನ ಸಾಮಾನೂ ಇರಬಾರದು ಎನ್ನುವುದು ಅವರ ಕಾಯ್ದೆ. ಸ್ವಿಚ್ಚು ಬಾಗಿಲಾಚೆ ಹೋಯಿತು. ದೀಪ ಗೋಡೆಯ ಎತ್ತರಕ್ಕೆ ಏರಿ, ಹಬೆ ನುಗ್ಗದ ಹಾಗೆ ರಬ್ಬರಿನ ಬಳೆಯಿದ್ದ ಗಾಜಿನ ಬುರುಡೆಯೊಳಗೆ ಕುಳಿತಿತು. ಫ್ಯಾನು ಕಿಟಕಿಯ ಮೇಲೆ, ಸೂರಿನ ಹತ್ತಿರ. ಎರಡಕ್ಕೂ ಎರಡರ ಬದಲು ಮೂರು ವೈರು.

ಕೆಲಸಕ್ಕೆ ಕೈ ಹಾಕುವ ಮುಂಚೆ ಅವರದೊಂದು ಪದ್ಧತಿ. ಜಗಲಿಯ ಮೇಲಿನ ಮೇನ್ ಬೋರ್ಡಿನಿಂದ ಬಿಳಿ ಪಿಂಗಾಣಿಯ ಫ್ಯೂಸನ್ನು ಕಿತ್ತು, ಅಂಗಿಯ ಜೇಬಿಗೆ ಹಾಕಿ, ಜೇಬಿನ ಗುಂಡಿ ಹಾಕಿಕೊಳ್ಳುವುದು. ಬರೀ ಸ್ವಿಚ್ಚು ಆರಿಸಿದರೆ ಸಾಲದೇ ಎಂದರೆ, "ಆರ್ಸಿದ್ದನ್ನ ಯಾರಾದ್ರೂ ಹಾಕ್ತಾರ್ರಿ. ಜೇಬಾಗೆ ಇದ್ರೆ ನನ್ನ ಕೇಳ್ದೆ ಕರೆಂಟು ಬರಂಗಿಲ್ಲ" ಎನ್ನುತ್ತಿದ್ದರು. ಒಮ್ಮೆ ಯಾರದೋ ಮನೆಯ ಫ್ಯೂಸು ಜೇಬಿನಲ್ಲೇ ಉಳಿದು ಕುಬಟೂರಿಗೆ ಹೋಗಿಬಿಟ್ಟಿತ್ತಂತೆ. ಧಾರಾವಾಹಿಯ ಹೊತ್ತು. ಅಷ್ಟು ದೂರ ವಾಪಸು ಬಂದು ಫ್ಯೂಸು ಹಾಕಿದರೆ ಆ ಮನೆಯ ಹೆಂಗಸರು ಒಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲವಂತೆ. "ಕಥೆ ಭಾಳ ಮುಂದೆ ಹೋಗಿತ್ತು ಅಂತ ಕಾಣ್ತೈತ್ರಿ" ಎಂದು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ತಾವೇ ನಕ್ಕಿದ್ದರು.

ಇನ್ನು ಗುಂಡಿ. ಬಚ್ಚಲಿನ ಹಿಂದೆ, ಹಿತ್ತಲಿನಲ್ಲಿ, ಆಳುದ್ದದ ಗುಂಡಿಯನ್ನು ತಾವೇ ತೋಡಿದರು. ನಡುವೆ ಒಂದು ಕಬ್ಬಿಣದ ಪೈಪು ನಿಲ್ಲಿಸಿ ಸುತ್ತ ಒಂದು ಪದರ ಇದ್ದಲು, ಒಂದು ಪದರ ಕಲ್ಲುಪ್ಪು, ಮತ್ತೆ ಇದ್ದಲು, ಮತ್ತೆ ಉಪ್ಪು. ಮೇಲೆ ಇಟ್ಟಿಗೆಯ ಸಣ್ಣ ಕಟ್ಟೆ, ಮುಚ್ಚಲು ಒಂದು ಚಪ್ಪಡಿ. ದೀಪದ, ಫ್ಯಾನಿನ ಹಸಿರು ವೈರು ಬಂದು ಆ ಪೈಪಿಗೆ ಸೇರಿತು. ನಾನು ಚಹಾ ಕೊಟ್ಟು ಪಕ್ಕದಲ್ಲೇ ನಿಂತಿದ್ದೆ. ಮಧ್ಯಾಹ್ನದ ಬಿಸಿಲು, ಹಿತ್ತಲಿನಲ್ಲಿ ಒಣ ಹಾಕಿದ ಸೀರೆಗಳು ಮೆಲ್ಲಗೆ ಅಲುಗುತ್ತಿದ್ದವು. ಇದೆಲ್ಲ ಯಾಕೆ ಎಂದು ಕೇಳಿದೆ. ಅವರು ಉಪ್ಪಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

"ಕರೆಂಟು ದಾರಿ ತಪ್ತೈತ್ರಿ ಟೀಚರ್ರೆ. ಎಲ್ಲೋ ವೈರು ಹರಿದು ಫ್ಯಾನಿನ ಮೈಗೆ ಬರ್ತೈತಿ. ಆಗ ಅದಕ್ಕೆ ಇಳಿಯಾಕೆ ಒಂದು ಜಾಗ ಬೇಕು. ಅರ್ಥ ಇಲ್ಲಾ ಅಂದ್ರೆ ಮುಟ್ಟಿದ ಮನುಷ್ಯನ ಮೈಯಾಗೆ ಹಾದು ಇಳೀತೈತಿ. ಅರ್ಥ ಇತ್ತಾ, ಮನಿಯಾಗಿನ ತಪ್ಪನ್ನ ಭೂಮಿ ತಾನು ತಗಂತೈತಿ. ಫ್ಯೂಸು ಹೋಗ್ತೈತಿ, ಮನುಷ್ಯ ಉಳೀತಾನೆ. ಭೂಮಿ ಯಾರಿಗೂ ಹೇಳಂಗಿಲ್ಲ."

ಹೊರಡುವಾಗ ಒಂದು ಕೊಡ ನೀರು ತರಿಸಿ ಗುಂಡಿಗೆ ಸುರಿದರು. "ವಾರಕ್ಕೊಂದು ಕೊಡ. ಬ್ಯಾಸಿಗಿಯಾಗೆ ದಿನಾ. ಅರ್ಥ ಒಣಗಬಾರದ್ರಿ" ಎಂದರು. ಈ ಕೊನೆಯ ಮಾತನ್ನು ನಾನು ಮಾರನೆಯ ದಿನವೇ ಹತ್ತನೇ ತರಗತಿಯಲ್ಲಿ, ಪದ್ಯ ಬಿಡಿಸುವಾಗ, ನನ್ನದೇ ಮಾತೆಂಬಂತೆ ಬಳಸಿ ಹುಡುಗಿಯರ ಮೆಚ್ಚುಗೆ ಪಡೆದೆ. ಅವರ ಹೆಸರು ಹೇಳಲಿಲ್ಲ.

ಅತ್ತೆ ತವರಿನಿಂದ ಬಂದರು. ಹೊಸ ದೀಪ ನೋಡಿ ಖುಷಿಪಟ್ಟರು. ಗುಂಡಿಯ ಸುದ್ದಿ ನಾನು ಎತ್ತಲಿಲ್ಲ. ನಮ್ಮ ಮನೆಯಲ್ಲಿ ಅತ್ತೆಯ ಅಪ್ಪಣೆಯಿಲ್ಲದೆ ಒಂದು ಗೂಟವನ್ನೂ ನೆಲಕ್ಕೆ ಹೊಡೆಯುವ ಹಾಗಿರಲಿಲ್ಲ. ನಿಧಾನಕ್ಕೆ ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ಹೆರಿಗೆಯಾಯಿತು, ಹೆಣ್ಣುಕೂಸು. ದಿನಗಳು ಎಣ್ಣೆ, ಧೂಪ, ಕೂಸಿನ ಅಳು, ಅರೆನಿದ್ದೆಗಳಲ್ಲಿ ಕಲಸಿಹೋದವು. ಅತ್ತೆ ತಾವೇ ಮೊಮ್ಮಗಳಿಗೆ ಎರೆಯುತ್ತಿದ್ದರು. ಹಬೆಯೊಳಗಿನಿಂದ ಅವರ ಬಳೆಯ ಸದ್ದು, ಕೂಸಿನ ಕಿರುಚಾಟ, ಮೇಲೆ ಫ್ಯಾನಿನ ಗುಂಯ್ ಕೇಳುತ್ತಿದ್ದವು. ನಾನು ಬಾಗಿಲಾಚೆ ಟವೆಲ್ಲು ಹಿಡಿದು ನಿಂತು ಸುಖವಾಗಿ ತೂಕಡಿಸುತ್ತಿದ್ದೆ.

ಕೂಸಿಗೆ ಇಪ್ಪತ್ತು ದಿನವಾಗಿತ್ತೇನೋ. ಒಂದು ಬೆಳಗ್ಗೆ ಹಿತ್ತಲಿನಿಂದ ಅತ್ತೆಯ ಕೂಗು. ಓಡಿ ಹೋದರೆ ಚಪ್ಪಡಿ ಪಕ್ಕಕ್ಕೆ ಸರಿದಿದೆ, ಅತ್ತೆ ಎದೆ ಹಿಡಿದು ನಿಂತಿದ್ದಾರೆ, ಪಕ್ಕದಲ್ಲಿ ಎದುರುಮನೆಯ ಅಕ್ಕ. ಗುಂಡಿಯ ಬಾಯಲ್ಲಿ ಉಪ್ಪು ಬೆಳ್ಳಗೆ ಹೆಪ್ಪುಗಟ್ಟಿತ್ತು, ನಡುನಡುವೆ ಇದ್ದಲಿನ ಕಪ್ಪು.

"ಇದ್ದಲು, ಉಪ್ಪು, ಕಬ್ಬಿಣ!" ಎದುರುಮನೆಯ ಅಕ್ಕ ಬೆರಳು ಮಡಿಸಿದಳು. "ಅದೂ ಬಾಣಂತಿ ಬಚ್ಚಲ ಹಿಂದೆ! ಇದು ಮಾಟ ಅಲ್ದೆ ಇನ್ನೇನ್ರೀ?"

"ಅಯ್ಯೋ ಶಿವನೇ, ಯಾವ ಹಾಳಾದೋನು ನನ್ನ ಮೊಮ್ಮಗಳ ಮೇಲೆ ಕಣ್ಣು ಹಾಕಿದ!" ಅತ್ತೆ ಅಳಲು ಶುರು ಮಾಡಿದರು.

ಕೆಲಸ ಮುಗಿಸಿದ ಒಂದೆರಡು ತಿಂಗಳಿಗೆ ಕರೆಯದೆಯೇ ಬಂದು, ಒಮ್ಮೆ ನೋಡಿ ಹೋಗುವುದು ಮೇಸ್ತ್ರಿಯ ರೂಢಿ. ದುರದೃಷ್ಟಕ್ಕೆ ಆವತ್ತೇ ಬರಬೇಕೇ? ಗೇಟಿನ ಹತ್ತಿರ ಬೈಕು ನಿಲ್ಲಿಸಿ, ಗದ್ದಲ ಕೇಳಿ ಸೀದಾ ಹಿತ್ತಲಿಗೆ ಬಂದರು. ಅಷ್ಟು ಹೊತ್ತಿಗೆ ಬೇಲಿಯಾಚೆ ಹತ್ತು ತಲೆ ಸೇರಿದ್ದವು.

"ಇದನ್ನ ಹೂಳಿದ್ದು ಯಾರೋ?" ಅತ್ತೆ ಕೇಳಿದರು.

"ನಾನೇ ಅಮ್ಮಾರೆ. ಮಾಟ ಅಲ್ರಿ ಅದು, ಕರೆಂಟಿಂದು."

"ಕರೆಂಟಿಗೆ ಉಪ್ಪು ಯಾಕೋ? ಕರೆಂಟು ಊಟ ಮಾಡ್ತೈತೇನೋ? ನನಗೆ ಹೇಳ್ದೆ ಕೇಳ್ದೆ ನನ್ನ ಹಿತ್ಲಾಗೆ ತೋಡಾಕೆ ಯಾರು ಹೇಳಿದ್ರು ನಿನಗೆ? ಯಾರು ಹೇಳಿದ್ರು, ಹೆಸರು ಹೇಳು!"

ಅವರು ಒಂದೇ ಒಂದು ಸಲ ನನ್ನ ಕಡೆ ನೋಡಿದರು. ನಾನು ಹಿತ್ತಲ ಬಾಗಿಲಲ್ಲಿ, ಕೂಸಿನ ಬಟ್ಟೆ ಹಿಡಿದು ನಿಂತಿದ್ದೆ. 'ನಾನೇ ತೋಡಿಸಿದ್ದು ಅತ್ತೆ.' ಮೂರೇ ಪದ. ವರ್ಷಗಟ್ಟಲೆ, ತುಂಬಿದ ತರಗತಿಗಳ ಮುಂದೆ ಗಂಟಲು ಹರಿಯುವಂತೆ ಮಾತಾಡಿದವಳಿಗೆ ಆ ಮೂರು ಪದ ಬಾಯಿಗೆ ಬರಲಿಲ್ಲ. ಅತ್ತೆಯ ಹೆದರಿಕೆ, ಬೇಲಿಯಾಚೆಯ ತಲೆಗಳ ಹೆದರಿಕೆ. ಇನ್ನೊಂದು ಮಾತೂ ಹೇಳಿಬಿಡುತ್ತೇನೆ, ಒಳಗೆಲ್ಲೋ ಒಂದು ಮೂಲೆಯಲ್ಲಿ, ಕೂಸಿಗೆ ನಿಜಕ್ಕೂ ಏನಾದರೂ ಆದರೆ ಎಂಬ ಕಳ್ಳ ಅಳುಕು. ನಾಚಿಕೆಯಾಗುತ್ತದೆ, ಆದರೆ ಇತ್ತು. ನಾನು ಬಟ್ಟೆಯನ್ನು ಮಡಿಚಿದೆ, ಬಿಚ್ಚಿದೆ, ಮತ್ತೆ ಮಡಿಚಿದೆ.

ಅವರು ಕಣ್ಣು ತೆಗೆದು ನೆಲ ನೋಡಿದರು. "ಯಾರೂ ಹೇಳಿಲ್ರಿ. ಕಾಯ್ದೆ ಐತ್ರಿ ಅಮ್ಮಾರೆ" ಎಂದರು.

"ಕಾಯ್ದೆಯಂತೆ ಕಾಯ್ದೆ!" ಅತ್ತೆ ಮೂಲೆಯಲ್ಲಿದ್ದ ಕುಡುಗೋಲು ತಂದು ಹಸಿರು ವೈರಿಗೆ ಹಾಕಿದರು. "ಅಮ್ಮಾರೆ, ಅದೊಂದು ಬ್ಯಾಡ್ರಿ!" ಎಂದು ಅವರು ಕೂಗಿದ್ದೇ ನಾನು ಕೇಳಿದ ಅವರ ಒಂದೇ ಒಂದು ದೊಡ್ಡ ದನಿ. ವೈರು ತುಂಡಾಗಿ ಬಿತ್ತು. "ನಡಿ ಇಲ್ಲಿಂದ. ಮತ್ತೆ ಈ ಮೆಟ್ಲು ಹತ್ತಬೇಡ" ಎಂದರು ಅತ್ತೆ.

ಮೇಸ್ತ್ರಿ ಹೋದರು. ಹೋಗುವಾಗ ಜಗಲಿಯ ಮೇಲೆ ಒಂದು ಕ್ಷಣ ನಿಂತು, ಬೋರ್ಡಿನಿಂದ ಬಚ್ಚಲಿನ ಫ್ಯೂಸನ್ನು ಕಿತ್ತು, ಜೇಬಿಗೆ ಹಾಕಿ, ಗುಂಡಿ ಹಾಕಿಕೊಂಡರು. ಬೈಕು ಹತ್ತಿದರು.

"ನೋಡಿದ್ರಾ, ಫ್ಯೂಸ್ ಕದ್ಕೊಂಡು ಹೋದ!" ಎಂದಳು ಎದುರುಮನೆಯ ಅಕ್ಕ. ಎಲ್ಲರಿಗೂ ಅದು ಮಾಟದ ಖಾತ್ರಿ ಸಾಕ್ಷಿಯಾಯಿತು. ನನಗೊಬ್ಬಳಿಗೆ ಗೊತ್ತಿತ್ತು. ಅರ್ಥ ತುಂಡಾದ ಬಚ್ಚಲಿನಲ್ಲಿ ನನ್ನ ಮಗಳು ಹಬೆಯೊಳಗೆ ಕುಳಿತಿರುವಾಗ ಯಾರೂ ಆ ಫ್ಯಾನು ಹಾಕದಿರಲಿ ಎಂದು, ಬೈಸಿಕೊಂಡ ಮನುಷ್ಯ ಕರೆಂಟನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿದ್ದರು. ಗೊತ್ತಿದ್ದೂ ಸುಮ್ಮನಿದ್ದೆ.

ಮೂರು ದಿನ ಬಾಣಂತಿಗೆ ಎಣ್ಣೆದೀಪದ ಬೆಳಕಿನಲ್ಲಿ ಎರೆದೆವು. ಆ ಮೂರು ದಿನಗಳು ಈಗಲೂ ನನಗೆ ಕನಸಿನ ಹಾಗೇ ನೆನಪಿವೆ. ಗೂಡಿನಲ್ಲಿ ಹಣತೆ, ಹಬೆಯಲ್ಲಿ ಕೆಂಪಗೆ ತೇಲುವ ಅದರ ಕುಡಿ, ಮಗಳ ಒದ್ದೆ ಬೆನ್ನು, ಅತ್ತೆಯ ತೊಡೆಯ ಮೇಲೆ ಮೀನಿನ ಮರಿಯಂತೆ ಹೊಳೆಯುವ ಕೂಸು. ಗೋಡೆಯ ಮೇಲೆ ಮಾತ್ರ ಆ ಸೀಮೆಸುಣ್ಣದ ಗೆರೆಗಳು ಹಬೆಗೆ ಮಸುಕಾಗಿದ್ದರೂ ಇನ್ನೂ ಪೂರ್ತಿ ಅಳಿಸಿರಲಿಲ್ಲ. ಮಗಳು ಎದ್ದು ನಿಂತಾಗ ಅವಳ ಕೈ ಗೋಡೆಯನ್ನು ಹಿಡಿಯುವುದು ಸರಿಯಾಗಿ ಆ ಗೆರೆಯ ಮೇಲೆಯೇ. 

ಊರಿನಲ್ಲಿ ಸುದ್ದಿ ಹಬ್ಬಿತು. ಸ್ಟಾಫ್ ರೂಮಿನಲ್ಲಿ ಒಬ್ಬರು, "ನಿಮ್ಮನೇಲಿ ಆ ಕುಬಟೂರಿನೋನು ಮಾಟ ಮಾಡಿದ್ನಂತೆ? ನಮ್ಮನೆ ವೈರಿಂಗು ಅವನಿಗೇ ಹೇಳಿದ್ವಿ ಕಣ್ರೀ. ಬೇಡ ಅಂತ ಫೋನ್ ಮಾಡಿದ್ವಿ" ಎಂದರು. "ಹಂಗೇನಿಲ್ಲ" ಎಂದು ನಾನು ಹೇಳಿದ್ದು ನನಗೇ ಕೇಳಿಸಲಿಲ್ಲ. ಕರೆಂಟಿನವನನ್ನು ಜನ ಮನೆಯ ಒಳಕೋಣೆಯವರೆಗೆ ಬಿಡುತ್ತಾರೆ. ಅಂಥವನಿಗೆ ಮಾಟಗಾರ ಎಂಬ ಹೆಸರು ಬಂತೆಂದರೆ ಅಲ್ಲಿಗೆ ಅವನ ಅನ್ನ ಮುಗಿಯಿತು. ಇದೂ ನನಗೆ ಗೊತ್ತಿತ್ತು.

ನಾಲ್ಕನೆಯ ದಿನ ಬೆಳಗ್ಗೆ ಬೈಕಿನ ಸದ್ದಾಯಿತು. ಅವರು ಗೇಟಿನೊಳಗೆ ಬರಲಿಲ್ಲ. ಅಲ್ಲಿಂದಲೇ ಜೇಬು ಬಿಚ್ಚಿ ಫ್ಯೂಸು ತೆಗೆದು ತೋರಿಸಿದರು.

"ಅಮ್ಮಾರೆ, ಇದು ನಿಮ್ಮದು. ಕೊಡಾಕೆ ಬಂದೀನಿ. ಆದ್ರ ಅರ್ಥ ಇಲ್ದೆ ಹಾಕಂಗಿಲ್ಲ. ಒಂದು ಮಾತು ಕೇಳ್ರಿ. ಮಾಟ ಮಾಡೋನು ತನ್ನ ಉಪ್ಪು ತರ್ತಾನೆ. ನೀವು ನಿಮ್ಮನಿ ಉಪ್ಪು, ನಿಮ್ಮ ಒಲಿ ಇದ್ದಲು, ನಿಮ್ಮ ಕೈಯಾರೆ ಹಾಕ್ರಿ. ನಾನು ಮುಟ್ಟಂಗಿಲ್ಲ. ನಿಮ್ಮ ಕೈಯಾಗಿನ ಉಪ್ಪು ನಿಮ್ಮ ಮೊಮ್ಮಗಳಿಗೆ ಕೆಟ್ಟದ್ದು ಮಾಡ್ತೈತೇನ್ರಿ?"

ಅತ್ತೆ ಬಹಳ ಹೊತ್ತು ಜಗಲಿಯ ಮೇಲೆ ಕುಳಿತಿದ್ದರು. ಅವರು ಮೂರ್ಖರಲ್ಲ, ಹೆದರಿದ್ದರು ಅಷ್ಟೇ. ಹಣತೆಯ ಬೆಳಕಿನಲ್ಲಿ ಮೂರು ದಿನ ಎರೆದು ಅವರಿಗೂ ಸಾಕಾಗಿತ್ತು. ಕೊನೆಗೆ ಎದ್ದು ಅಡುಗೆಮನೆಗೆ ಹೋದರು. ಹಳೆಯ ಇದ್ದಲು, ಉಪ್ಪು ಎಲ್ಲವನ್ನೂ ತೆಗೆಸಿ ದೂರ ಸುರಿಸಿದರು. ಪೈಪಿಗೆ ಮೂರು ಬೆರಳು ವಿಭೂತಿ ಎಳೆದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಕುಳಿತು ಒಂದು ಪದರ ಇದ್ದಲು, ಒಂದು ಪದರ ಉಪ್ಪು ಹಾಕತೊಡಗಿದರು. ಮೇಸ್ತ್ರಿ ಹಿತ್ತಲಿಗೆ ಬಂದರೂ ದೂರದಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು, "ಇನ್ನೊಂದು ಬೊಗಸಿ ಅಮ್ಮಾರೆ... ಸ್ವಲ್ಪ ಒತ್ರಿ... ಈಗ ನೀರು" ಎಂದು ಮೆಲ್ಲಗೆ ಹೇಳುತ್ತಿದ್ದರು. ತುಂಡಾದ ವೈರಿಗೆ ಹೊಸದನ್ನು ಹಾಕಿ, ಫ್ಯೂಸು ಏರಿಸಿ, ತಮ್ಮ ಪರೀಕ್ಷೆಯ ಬಲ್ಬಿನ ಒಂದು ಕಾಲನ್ನು ಕರೆಂಟಿಗೂ ಇನ್ನೊಂದನ್ನು ಆ ಹಸಿರು ವೈರಿಗೂ ಹಿಡಿದರು. ಬಲ್ಬು ಭಗ್ಗನೆ ಉರಿಯಿತು.

"ನೋಡ್ರಿ ಅಮ್ಮಾರೆ. ನಿಮ್ಮ ಉಪ್ಪಿನ ಬೆಳಕು."

ಅತ್ತೆಯ ಮುಖ ನೋಡಬೇಕಿತ್ತು. ಆವತ್ತಿನಿಂದ ಬೀದಿಗೆಲ್ಲ ಅವರದೇ ಡಂಗುರ, ತಮ್ಮ ಕೈಯ ಉಪ್ಪಿನಿಂದ ಬಲ್ಬು ಉರಿದದ್ದು. "ನಿಮ್ಮನಿಗೆ ಅರ್ಥ ಐತೇನೇ?" ಎಂದು ಎದುರುಮನೆಯ ಅಕ್ಕನನ್ನು ಅಟ್ಟಿಸಿಕೊಂಡು ಹೋಗಿ, ಅವಳ ಹಿತ್ತಲಿನಲ್ಲೂ ಗುಂಡಿ ತೋಡಿಸಿದರು. ಬಿಟ್ಟುಹೋದ ಕೆಲಸಗಳು ಒಂದೊಂದಾಗಿ ಮೇಸ್ತ್ರಿಗೆ ವಾಪಸಾದವು. ಅತ್ತೆ ಅವರನ್ನು 'ಕರೆಂಟಪ್ಪ' ಎಂದು ಕರೆಯತೊಡಗಿದರು. ಅದು ಅತ್ತೆಯ ಕ್ಷಮಾಪಣೆ. ನನ್ನ ಕ್ಷಮಾಪಣೆ ಮಾತ್ರ ಬಾಕಿ ಉಳಿಯಿತು. ಮೇಸ್ತ್ರಿ ಬಂದಾಗಲೆಲ್ಲ ಚಹಾ ಕೊಟ್ಟೆ, ಜೊತೆಗೆ ಚಕ್ಕುಲಿ ಕೊಟ್ಟೆ, ಮಾತು ಕೊಡಲಿಲ್ಲ.

ಎರಡು ವರ್ಷದ ಮೇಲೆ ಒಂದು ಬೆಳಗ್ಗೆ ಅತ್ತೆ ಸ್ನಾನಕ್ಕೆ ಹೋದಾಗ ದೀಪ, ಫ್ಯಾನು ಎರಡೂ ಒಟ್ಟಿಗೇ ನಿಂತವು. ಕತ್ತಲಲ್ಲಿ ಗೊಣಗುತ್ತಾ ಹೊರಬಂದರು. ಮೇಸ್ತ್ರಿ ಬಂದು ಫ್ಯಾನು ಬಿಚ್ಚಿದರು. ಅಳಿಲೊಂದು ಗೂಡು ಕಟ್ಟಲು ಹೋಗಿ ವೈರಿನ ಮೇಲಿನ ಹೊದಿಕೆ ಕಚ್ಚಿತ್ತು. ಬೆತ್ತಲೆ ತಂತಿ ಫ್ಯಾನಿನ ಕಬ್ಬಿಣಕ್ಕೆ ತಾಗಿತ್ತು. ಅರ್ಥ ಇಲ್ಲದಿದ್ದರೆ ಕಬ್ಬಿಣದಿಂದ ಒದ್ದೆ ಗೋಡೆ, ಗೋಡೆಯಿಂದ ನಲ್ಲಿ, ನಲ್ಲಿಯಿಂದ ಅತ್ತೆಯ ಕೈ. "ಅರ್ಥ ತಗಂಡೈತ್ರಿ" ಎಂದರು, ಅಷ್ಟೇ. ಅತ್ತೆ ಕೊಡ ತುಂಬಿಸಿಕೊಂಡು ಹಿತ್ತಲಿಗೆ ಹೋದರು. ಆಮೇಲೆ ಸಾ‍ಯುವವರೆಗೂ ಒಂದು ದಿನವೂ ಆ ಗುಂಡಿಗೆ ನೀರು ತಪ್ಪಿಸಲಿಲ್ಲ. ಮುಂದೆ ಮೇಸ್ತ್ರಿ, ಕರೆಂಟು ಸೋರಿದರೆ ತಾನೇ ಆರುವ ಟ್ರಿಪ್ ಸ್ವಿಚ್ಚನ್ನೂ ತಂದು ಹಾಕಿದರು. "ಅದು ಬಂತು ಅಂತ ಇದಕ್ಕೆ ನೀರು ಬಿಡಬ್ಯಾಡ್ರಿ" ಎಂದು ಹೇಳಿ ಹೋದರು.

ಬಲ್ಬು ತಂದ ಮಾರನೆಯ ದಿನ ನಾನು ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ, ಆನವಟ್ಟಿಯಲ್ಲಿ ಇಳಿದು ಕುಬಟೂರಿಗೆ ಹೋದೆ. ಅವರ ಹೆಂಡತಿ ಬಾಗಿಲಲ್ಲಿ ಕುಳಿತಿದ್ದರು. ಯಾರೆಂದು ಹೇಳಿದೆ. ಅವರ ಮುಖ ಅರಳಿತು.

"ನೀವೇನ್ರೀ ಶಿಕಾರಿಪುರದ ಟೀಚರ್ರು? ಬರ್ರಿ, ಒಳಗ ಬರ್ರಿ. ನಿಮ್ಮ ಸುದ್ದಿ ಎಷ್ಟು ಹೇಳೋರು! 'ಊರೆಲ್ಲ ಮಾಟಗಾರ ಅಂದಾಗ ಆ ಟೀಚರ್ರು ಒಬ್ರೇ ನನ್ನ ಪರ ಮಾತಾಡಿದ್ರು' ಅಂತ."

ಆಕೆ ಕೊಟ್ಟ ನೀರಿನ ಲೋಟ ನನ್ನ ಕೈಯಲ್ಲೇ ನಿಂತಿತು. ಸುಮ್ಮನಿದ್ದುಬಿಡಬಹುದಿತ್ತು. ಸುಮ್ಮನಿರುವುದು ನನಗೆ ರೂಢಿಯೇ ಇತ್ತು.

"ಇಲ್ಲಮ್ಮ" ಎಂದೆ. "ನಾನು ಮಾತಾಡಲಿಲ್ಲ. ಆ ಗುಂಡಿ ತೋಡಿಸಿದ್ದೇ ನಾನು. ಬಾಗಿಲಲ್ಲಿ ನಿಂತು ಎಲ್ಲ ನೋಡಿದೆ. ಬಾಯಿ ಬಿಡಲಿಲ್ಲ." ಅಲ್ಲಿಗೆ ನನಗೆ ಅಳು ಬಂತು, ತಡೆಯಲಾಗಲಿಲ್ಲ.

ಆಕೆ ನನ್ನನ್ನೇ ನೋಡುತ್ತಾ ಕುಳಿತರು. ಗಂಡನ ಹಾಗೆಯೇ, ಎಲ್ಲೋ ಹೋಗಿ ಬಂದು ಉತ್ತರ ಕೊಡುವ ಅಭ್ಯಾಸ ಆಕೆಗೂ ಬಂದಿತ್ತು.

"ಹಂಗಾರೆ ನನಗೆ ಸುಳ್ಳು ಹೇಳಿದ್ರು ಅನ್ರಿ" ಎಂದರು. "ಆವತ್ತು ಅವ್ರು ಫ್ಯೂಸು ಕೊಡಾಕೆ ಹೊರಟಾಗ ನಾನು ಬಾಗ್ಲಿಗೆ ಅಡ್ಡ ನಿಂತಿದ್ದೆ. ಅಷ್ಟು ಮಾತು ಅನ್ಸಿಕೊಂಡು ಮತ್ತೆ ಆ ಮನಿಗೆ ಹೋಗ್ತೀರೇನು, ನನ್ನ ಹೆಣ ದಾಟಿ ಹೋಗ್ರಿ ಅಂದೆ. ಅದಕ್ಕ ಅವ್ರು, 'ಹಂಗಲ್ಲ ಕಣೇ, ಆ ಟೀಚರ್ರು ನನ್ನ ಪರ ನಿಂತಾರೆ, ಅವರ ಮಗಳು ಬಾಣಂತಿ, ಹೋಗದೇ ಇದ್ರೆ ಹೆಂಗೆ' ಅಂದ್ರು. ನಾ ದಾರಿ ಬಿಟ್ಟೆ."

ಆಕೆ ನನ್ನ ಕೈಯಿಂದ ಲೋಟ ತೆಗೆದು ಕೆಳಗಿಟ್ಟರು.

"ಆ ಕೂಸು ಹೆಂಗೈತ್ರಿ ಈಗ?"

"ಚೆನ್ನಾಗಿದಾಳೆ. ಆರನೇ ಕ್ಲಾಸು."

"ಹಂಗಾರೆ ಬರೋಬರಿ ಆತು ಬಿಡ್ರಿ" ಎಂದು ಆಕೆ ಕಣ್ಣೊರೆಸಿಕೊಂಡು ಎದ್ದರು. ಎದ್ದವರು ಏನೋ ನೆನಪಾದಂತೆ ಹಿತ್ತಲ ಕಡೆ ನೋಡಿ, ತುಂಬಿಟ್ಟ ಕೊಡವನ್ನು ಎತ್ತಿಕೊಂಡರು. "ಅಯ್ಯ, ನೋಡ್ರಿ. ಅವ್ರು ಹೋದಾಗಿಂದ ಅದಕ್ಕೆ ಒಂದು ಹನಿ ನೀರು ಹಾಕಿಲ್ಲ. ದಿನಾ ಅವ್ರೇ ಹಾಕೋರು."

"ಕೊಡಿ, ನಾನು ಹಾಕ್ತೀನಿ" ಎಂದು ಅವರ ಕೈಯಿಂದ ಕೊಡ ಇಸಿದುಕೊಂಡೆ.

ಅವರ ಬಚ್ಚಲಿನ ಹಿಂದೆ ನಮ್ಮ ಮನೆಯದೇ ಥರದ ಇಟ್ಟಿಗೆಯ ಕಟ್ಟೆ, ಮೇಲೊಂದು ಚಪ್ಪಡಿ. ಸರಿಸಿದೆ. ಉಪ್ಪು ಬಿರಿದು ಪುಡಿಯಾಗಿತ್ತು. ಬಗ್ಗಿ ನೀರು ಸುರಿಯುತ್ತಾ, ಹನ್ನೊಂದು ವರ್ಷ ಗಂಟಲಲ್ಲಿದ್ದದ್ದನ್ನು ದೊಡ್ಡ ದನಿಯಲ್ಲೇ ಹೇಳಿದೆ. "ನಾನೇ ತೋಡಿಸಿದ್ದು ಅತ್ತೆ."

ನೀರು ನಿಲ್ಲಲೇ ಇಲ್ಲ, ಹಾಕಿದಷ್ಟೂ ಇಳಿದುಹೋಯಿತು. ಹಿಂದೆ ನಿಂತಿದ್ದ ಆಕೆ ನಾನು ಹೇಳಿದ್ದನ್ನು ಕೇಳಿಸಿಕೊಂಡರೋ ಇಲ್ಲವೋ.

"ಇನ್ನೊಂದು ಕೊಡ ಹಾಕ್ರಿ ಟೀಚರ್ರೆ" ಎಂದರು. "ಭಾಳ ಒಣಗೈತಿ."